ಹೊಸ ಪ್ರೋಗ್ರಾಮಿಂಗ್ ಭಾಷೆ ಆರಿಸುವ ಮುನ್ನ ಅದರ ಮನೆತನ ವಿಚಾರಿಸಿ

ಗೋ ಕಲಿಯಲೇ, ರಸ್ಟ್ ಕಲಿಯಲೇ? ಜಾವಾ ಸಾಕೇ, ಕಾಟ್ಲಿನ್‌ಗೆ ಹೋಗಲೇ? ಟೈಪ್‌ಸ್ಕ್ರಿಪ್ಟ್ ಅಷ್ಟೊಂದು ಅಗತ್ಯವೇ? ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರದಲ್ಲಿ ಕೇಳಿದವರ ಅಗತ್ಯಕ್ಕಿಂತ ಹೇಳಿದವರ ಅಭಿಮಾನವೇ ಹೆಚ್ಚಿರುತ್ತದೆ. ಜನಪ್ರಿಯತೆಯ ಪಟ್ಟಿಗಳು, ವೇಗದ ಪಂದ್ಯಗಳು ಅದಕ್ಕಿಂತ ಉತ್ತಮವೇನಲ್ಲ. ಲಕ್ಷ ಸಂಖ್ಯೆಗಳನ್ನು ವಿಂಗಡಿಸಲು ಯಾವ ಭಾಷೆ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂಬುದು, ಮೂರು ವರ್ಷ ಒಂದೇ ಕೋಡ್ ಜೊತೆ ಸಂಸಾರ ಮಾಡಬೇಕಾದವರಿಗೆ ಏನನ್ನೂ ಹೇಳುವುದಿಲ್ಲ.

ನಾನು ನೋಡುವ ಬಗೆ ಬೇರೆ. ಯಾರೋ ಹಳೆಯ ಭಾಷೆಯೊಂದರಲ್ಲಿ ವರ್ಷಗಟ್ಟಲೆ ದುಡಿದು, ಅದರ ಒಂದು ಗುಣಕ್ಕೆ ರೋಸಿಹೋಗಿ ಹೊಸದನ್ನು ಕಟ್ಟಿರುತ್ತಾರೆ. ಅಂದರೆ ಹೊಸ ಭಾಷೆಯೆಂದರೆ ಹಳೆಯದರ ಮೇಲೆ ಬರೆದ ದೂರು. ಆ ದೂರು ಏನು? ಅದು ನಿಮ್ಮ ದೂರೂ ಹೌದೇ? ಪರಿಹಾರಕ್ಕೆ ತೆರಬೇಕಾದ ಬೆಲೆ ಎಷ್ಟು? ಈ ಮೂರನ್ನು ಕೇಳಿಕೊಂಡರೆ ಅರ್ಧಕ್ಕರ್ಧ ಗೊಂದಲ ತಾನಾಗಿಯೇ ಕಳೆಯುತ್ತದೆ.

ಎಲ್ಲರೂ ಕಲಿತ ಸಣ್ಣ ಪಾಠಗಳು

ಮೊದಲು, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದನ್ನು ನೋಡೋಣ.

ಸಿ ಭಾಷೆ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಅದಕ್ಕೂ ಹಿರಿಯರಿದ್ದರು: ಕೆನ್ ಥಾಂಪ್ಸನ್ ಅವರ ಬಿ, ಅದಕ್ಕೂ ಹಿಂದೆ ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್. ಸಿ ತನ್ನ ಕಾಲಕ್ಕೆ ಅಚ್ಚುಕಟ್ಟಾದ ಭಾಷೆ. ಆದರೆ ಅದರ ಕೆಲವು ಸಣ್ಣ ಸಡಿಲಗಳಿಗೆ ದೊಡ್ಡ ಬೆಲೆ ತೆರಬೇಕಾಗಿದೆ.

2014ರ ಫೆಬ್ರವರಿಯಲ್ಲಿ ಆಪಲ್ ತನ್ನ ಐಫೋನ್‌ಗಳಿಗೆ ಅವಸರದಲ್ಲಿ ಒಂದು ತಿದ್ದುಪಡಿ ಬಿಡುಗಡೆ ಮಾಡಿತು. ಸುರಕ್ಷಿತ ಸಂಪರ್ಕದ ಸಹಿಯನ್ನು ಪರಿಶೀಲಿಸುವ ಸಿ ಕೋಡ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದರಂತೆ ಎರಡು ಬಾರಿ ಬಂದುಬಿಟ್ಟಿತ್ತು. ಸಿಯಲ್ಲಿ ‘ಇಫ್’ ಆದ ಮೇಲೆ ಕರ್ಲಿ ಬ್ರಾಕೆಟ್ ಹಾಕಲೇಬೇಕೆಂದಿಲ್ಲ. ಹಾಕದಿದ್ದರೆ ಷರತ್ತು ಮುಂದಿನ ಒಂದೇ ಒಂದು ಹೇಳಿಕೆಗೆ ಸೀಮಿತ. ಹಾಗಾಗಿ ಮೊದಲ ‘ಗೋಟು’ ಷರತ್ತಿನ ಒಳಗಿತ್ತು, ಎರಡನೆಯದು ಹೊರಗಿತ್ತು. ಓದುವವರ ಕಣ್ಣಿಗೆ ಎರಡೂ ಒಂದೇ ಅಂಚಿಗೆ ನಿಂತಿದ್ದವು, ಆದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅಂಚನ್ನು ನೋಡುವುದಿಲ್ಲ. ಷರತ್ತು ಏನೇ ಆಗಿರಲಿ, ಕೋಡ್ ಕೊನೆಯ ಪರಿಶೀಲನೆಯನ್ನು ಹಾರಿ ನೇರವಾಗಿ ತುದಿಗೆ ಜಿಗಿಯುತ್ತಿತ್ತು. ಆ ಹೊತ್ತಿಗೆ ದೋಷದ ಸಂಕೇತ ಸೊನ್ನೆಯೇ ಆಗಿದ್ದುದರಿಂದ, ಸಹಿಯನ್ನು ನೋಡದೆಯೇ ‘ಎಲ್ಲ ಸರಿಯಿದೆ’ ಎಂಬ ಉತ್ತರ ಹೋಗುತ್ತಿತ್ತು.

ಗೋ, ರಸ್ಟ್, ಆಪಲ್‌ನ ಸ್ವಿಫ್ಟ್ ಮೂರರಲ್ಲೂ ‘ಇಫ್’ಗೆ ಕರ್ಲಿ ಬ್ರಾಕೆಟ್ ಕಡ್ಡಾಯ. ಅದೇ ಸಾಲು ಅಲ್ಲಿ ಎರಡು ಬಾರಿ ಬಂದರೂ, ಬ್ರಾಕೆಟ್‌ನ ಒಳಗಿದ್ದರೆ ನಿರುಪದ್ರವಿ. ಹೊರಗಿದ್ದರೆ ಎದ್ದು ಕಾಣುತ್ತದೆ. ಸಾಲುಗಳನ್ನು ಓರಣಗೊಳಿಸಲು ಗೋ ಜೊತೆಗೇ ಬರುವ ಫಾರ್ಮ್ಯಾಟರ್ ಅದನ್ನು ಎಡಕ್ಕೆ ಎಳೆದು ನಿಲ್ಲಿಸುತ್ತದೆ. ಪೈಥಾನ್ ಇನ್ನೊಂದು ದಾರಿ ಹಿಡಿದಿತ್ತು: ಆಮ್‌ಸ್ಟರ್‌ಡ್ಯಾಮಿನಲ್ಲಿ ತಾವು ಮೊದಲು ದುಡಿದಿದ್ದ ಎಬಿಸಿ ಭಾಷೆಯಿಂದ ಗೀಡೋ ವಾನ್ ರಾಸಮ್ ಅಂಚಿನ ನಿಯಮವನ್ನು ತಂದರು. ಅಲ್ಲಿ ಕಣ್ಣಿಗೆ ಕಂಡದ್ದೇ ಕಂಪೈಲರ್‌ಗೂ ಕಾಣುತ್ತದೆ.

‘ಸ್ವಿಚ್’ನಲ್ಲಿ ‘ಬ್ರೇಕ್’ ಮರೆತರೆ ಮುಂದಿನ ಕೇಸಿಗೆ ಜಾರುವುದು, ಹೋಲಿಸಲು == ಹಾಕುವಲ್ಲಿ ಒಂದೇ = ಹಾಕಿ ಚರವನ್ನೇ ಬದಲಿಸಿಬಿಡುವುದು, ಇವಕ್ಕೂ ಹೊಸ ಭಾಷೆಗಳು ಬಾಗಿಲು ಹಾಕಿವೆ. ಸ್ವಿಫ್ಟ್ 2016ರ ಮೂರನೆಯ ಆವೃತ್ತಿಯಲ್ಲಿ ++ ಚಿಹ್ನೆಯನ್ನೂ ಸಿ ಶೈಲಿಯ ‘ಫಾರ್’ ಲೂಪನ್ನೂ ಹೊರಗೆ ಹಾಕಿತು. ಈ ತಿದ್ದುಪಡಿಗಳು ಅಗ್ಗದವು, ಈಗ ಬಹುಪಾಲು ಎಲ್ಲರ ಬಳಿಯೂ ಇವೆ. ಆದ್ದರಿಂದ ಇವುಗಳ ಬಲದ ಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಡಿ. ಭಾಷೆಗಳು ನಿಜವಾಗಿ ಬೇರೆಯಾಗುವುದು ದುಬಾರಿ ಪಾಠಗಳಲ್ಲಿ.

ನಲ್: ಯಾರು ಕಲಿತರು, ಯಾರು ಬಿಟ್ಟರು

1965ರಲ್ಲಿ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ಎಂಬ ‘ಯಾವುದನ್ನೂ ಸೂಚಿಸದ’ ಸೂಚಕವನ್ನು ಸೇರಿಸಿದರು. ಸೇರಿಸುವುದು ಅಷ್ಟು ಸುಲಭವಾಗಿತ್ತು ಎಂಬುದೇ ಮುಖ್ಯ ಕಾರಣ. 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಅವರೇ ಅದನ್ನು ತಮ್ಮ ಶತಕೋಟಿ ಡಾಲರ್‌ನ ತಪ್ಪು ಎಂದು ಕರೆದುಕೊಂಡರು. ಜಾವಾದಲ್ಲಿ ಕೆಲಸ ಮಾಡಿದ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಾಹಕರ ಹೆಸರು ಇರಬೇಕಾದ ಜಾಗದಲ್ಲಿ ನಲ್ ಕೂತಿರುತ್ತದೆ. ಮೌಲ್ಯ ಯಾವ ಬಗೆಯದ್ದು ಎಂದು ಹೇಳುವ ಟೈಪ್ ಮಾತ್ರ ‘ಸ್ಟ್ರಿಂಗ್’, ಅಂದರೆ ಪಠ್ಯ, ಎಂದೇ ಹೇಳುತ್ತಿರುತ್ತದೆ. ಪ್ರೋಗ್ರಾಂ ಬೀಳುವುದು ರಾತ್ರಿ ಎರಡು ಗಂಟೆಗೆ.

ಕಾಟ್ಲಿನ್ ಇದನ್ನು ಟೈಪಿನಲ್ಲೇ ಬಗೆಹರಿಸಿತು. ಸ್ಟ್ರಿಂಗ್ ಎಂದರೆ ಸ್ಟ್ರಿಂಗೇ. ಖಾಲಿ ಇರಬಹುದಾದರೆ ಪಕ್ಕದಲ್ಲಿ ಒಂದು ? ಹಾಕಬೇಕು. ಹಾಕಿದ ಮೇಲೆ, ಖಾಲಿಯೇ ಎಂದು ನೋಡದೆ ಅದರ ಉದ್ದ ಕೇಳಿದರೆ ಕಂಪೈಲರ್ ಮುಂದೆ ಬಿಡುವುದಿಲ್ಲ. ಸ್ವಿಫ್ಟ್ ಮಾಡಿದ್ದೂ ಇದನ್ನೇ. ರಸ್ಟ್‌ನ ಸಾಮಾನ್ಯ ಕೋಡ್‌ನಲ್ಲಿ ನಲ್ ಎಂಬುದೇ ಇಲ್ಲ. ‘ಇದೆ’ ಅಥವಾ ‘ಇಲ್ಲ’ ಎಂಬ ಎರಡು ರೂಪದ ಆಪ್ಷನ್ ಟೈಪ್ ಇದೆ. ಎಂಎಲ್ ಎಂಬ ಸಂಶೋಧನಾ ಭಾಷೆಯ ಕುಟುಂಬದಲ್ಲಿ ಇದು ದಶಕಗಳಿಂದ ಇತ್ತು, ಕೈಗಾರಿಕೆಯ ಕಡೆಯವರು ಅತ್ತ ತಿರುಗಿ ನೋಡಿರಲಿಲ್ಲ ಅಷ್ಟೆ. ಟೈಪ್‌ಸ್ಕ್ರಿಪ್ಟ್‌ಗೆ ಈ ಬುದ್ಧಿ ಬಂದದ್ದು 2016ರ ಎರಡನೆಯ ಆವೃತ್ತಿಯಲ್ಲಿ, ಅದೂ ಬೇಕೆಂದವರು ಆನ್ ಮಾಡಿಕೊಳ್ಳುವ ಆಯ್ಕೆಯಾಗಿ.

ಗೋ ಮಾತ್ರ ಈ ಪಾಠವನ್ನು ಬಿಟ್ಟಿತು. ಅದರಲ್ಲಿ ‘ನಿಲ್’ ಇದೆ, ಹಳೆಯ ನಲ್‌ನ ಹಾಗೆಯೇ ಕಾಲಿಗೆ ತೊಡರುತ್ತದೆ. ತಮಾಷೆಯೆಂದರೆ, ಗೋದ ಅತ್ಯುತ್ತಮ ಗುಣವಾದ ಚಾನೆಲ್‌ಗಳೂ ಟೋನಿ ಹೋರ್ ಅವರಿಂದಲೇ ಬಂದವು: ಜೊತೆಜೊತೆಗೆ ಓಡುವ ಕೆಲಸಗಳು ಸಂದೇಶಗಳ ಮೂಲಕ ಮಾತನಾಡಿಕೊಳ್ಳಲಿ ಎಂಬ ಅವರ 1978ರ ಪ್ರಬಂಧದ ವಿಚಾರ ಅದು. ಒಬ್ಬರೇ ಹಿರಿಯರಿಂದ ಅವರ ಒಳ್ಳೆಯ ವಿಚಾರವನ್ನೂ ಅವರೇ ಒಪ್ಪಿಕೊಂಡ ತಪ್ಪನ್ನೂ ಗೋ ಒಟ್ಟಿಗೆ ತೆಗೆದುಕೊಂಡಿತು.

ಹಾಗಾದರೆ ಗೋ ಕೆಟ್ಟದ್ದೇ? ಅಲ್ಲ. ಅದರ ದೂರೇ ಬೇರೆ.

ಗೋ, ರಸ್ಟ್, ಜಿಗ್: ಸಿ ಮತ್ತು ಸಿ++ ಮೇಲಿನ ಮೂರು ಬೇರೆ ದೂರುಗಳು

ಈ ಮೂರನ್ನು ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವವರೇ ಹೆಚ್ಚು. ಒಂದೇ ಮನೆತನದವು ನಿಜ, ಆದರೆ ಸಿಟ್ಟು ಬೇರೆ ಬೇರೆ ಕಾರಣಕ್ಕೆ.

ಗೋ ಹುಟ್ಟಿದ್ದು 2007ರಲ್ಲಿ ಗೂಗಲ್‌ನೊಳಗೆ. ಕಟ್ಟಿದವರು ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್. ಹೌದು, ಸಿಗೆ ಮೂಲವಾದ ಬಿ ಭಾಷೆಯ ಅದೇ ಥಾಂಪ್ಸನ್. ದೊಡ್ಡ ಸಿ++ ಪ್ರೋಗ್ರಾಂ ಒಂದು ಕಂಪೈಲ್ ಆಗಲು ಮುಕ್ಕಾಲು ಗಂಟೆ ಕಾಯಬೇಕಾಗುತ್ತಿತ್ತು, ಆ ಕಾಯುವಿಕೆಯ ನಡುವೆಯೇ ಗೋದ ಮಾತುಕತೆ ಹುಟ್ಟಿತು ಎಂದು ಪೈಕ್ ಹೇಳಿದ್ದಾರೆ. ಅವರ ದೂರು ಸಿ++ ವಿಪರೀತ ದೊಡ್ಡದಾಯಿತು, ನಿಧಾನವಾಯಿತು, ಸಾವಿರಾರು ಜನ ಒಟ್ಟಿಗೆ ದುಡಿಯುವ ಕಡೆ ಒಬ್ಬರ ಕೋಡ್ ಇನ್ನೊಬ್ಬರಿಗೆ ಅರ್ಥವಾಗುತ್ತಿಲ್ಲ ಎಂಬುದು. ಆದ್ದರಿಂದ ಗೋದಲ್ಲಿ ಬಳಸದ ಪ್ಯಾಕೇಜನ್ನು ಸೇರಿಸಿದರೆ ಎಚ್ಚರಿಕೆ ಕೊಡುವುದಿಲ್ಲ, ಕಂಪೈಲ್ ಮಾಡಲೇ ಒಪ್ಪುವುದಿಲ್ಲ. ಒಂದು ಕ್ಲಾಸ್ ಇನ್ನೊಂದರ ಗುಣಗಳನ್ನು ಪಡೆಯುವ ಇನ್‌ಹೆರಿಟೆನ್ಸ್ ಇಲ್ಲ. ಒಂದೇ ಕೋಡನ್ನು ಹಲವು ಟೈಪ್‌ಗಳಿಗೆ ಬಳಸುವ ಜೆನೆರಿಕ್ಸ್ ಬರಲು 2022ರವರೆಗೆ ಕಾಯಬೇಕಾಯಿತು. ಗ್ರೀಸ್ಮರ್ ಜ್ಯೂರಿಕ್‌ನಲ್ಲಿ ನಿಕ್ಲಾಸ್ ವಿರ್ತ್ ಅವರ ಪರಂಪರೆಯಲ್ಲಿ ಓದಿದವರು. ಪ್ಯಾಸ್ಕಲ್, ಮಾಡ್ಯುಲಾ, ಒಬೆರಾನ್‌ಗಳ ‘ಸಾಕಾದಷ್ಟೇ ಇರಲಿ’ ಎಂಬ ಬಿಗಿ ಗೋದ ಮೈಯಲ್ಲಿ ಎದ್ದು ಕಾಣುತ್ತದೆ.

ರಸ್ಟ್‌ನ ದೂರು ಭದ್ರತೆಯದ್ದು. ಗ್ರೇಡನ್ ಹೋರ್ (ಇವರು ಬೇರೆ ಹೋರ್) 2006ರಲ್ಲಿ ಅದನ್ನು ತಮ್ಮ ಸ್ವಂತ ಯೋಜನೆಯಾಗಿ ಶುರುಮಾಡಿದರು. ವ್ಯಾಂಕೂವರ್‌ನ ತಮ್ಮ ಕಟ್ಟಡದ ಲಿಫ್ಟಿನ ಸಾಫ್ಟ್‌ವೇರ್ ಕೆಟ್ಟು, 21ನೆಯ ಮಹಡಿಗೆ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಅದಕ್ಕೆ ನೆಪ. ಮುಂದೆ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾ ಅದನ್ನು ಕೈಗೆತ್ತಿಕೊಂಡಿತು, 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂದಿತು.

ರಸ್ಟ್ ಏನನ್ನು ತಡೆಯಲು ಹೊರಟಿದೆ ಎಂಬುದಕ್ಕೆ 2014ರ ಏಪ್ರಿಲ್‌ನ ಹಾರ್ಟ್‌ಬ್ಲೀಡ್ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಸಿ ಲೈಬ್ರರಿಯಲ್ಲಿ, ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯುವ ಒಂದು ಏರ್ಪಾಡಿತ್ತು. ಆಚೆ ಕಡೆಯ ಕಂಪ್ಯೂಟರ್ ಒಂದು ತುಣುಕು ಕಳುಹಿಸಿ ಅದರ ಉದ್ದವನ್ನೂ ತಿಳಿಸುತ್ತದೆ, ಸರ್ವರ್ ಅದನ್ನೇ ಮರಳಿಸುತ್ತದೆ. ಕಳುಹಿಸಿದ್ದು ಒಂದು ಬೈಟ್, ಹೇಳಿದ ಉದ್ದ 64 ಕಿಲೋಬೈಟ್ ಆದರೆ? ಸರ್ವರ್ ಆ ಮಾತನ್ನು ನಂಬಿ, ಆ ಒಂದು ಬೈಟಿನ ಪಕ್ಕದಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದನ್ನೆಲ್ಲ ಬಳಿದು ಕೊಡುತ್ತಿತ್ತು. ಪಾಸ್‌ವರ್ಡ್‌ಗಳು, ಖಾಸಗಿ ಕೀಲಿಗಳು, ಆ ಕ್ಷಣಕ್ಕೆ ಅಲ್ಲಿದ್ದ ಯಾವುದೇ ಆಗಬಹುದು. ಸಿಯಲ್ಲಿ ಪಾಯಿಂಟರ್ ಎಂದರೆ ಬರಿಯ ವಿಳಾಸ. ತನ್ನ ಜಾಗ ಎಲ್ಲಿಗೆ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಉದ್ದದ ಲೆಕ್ಕ ಇಡುವುದನ್ನು ಗೋ ಕೂಡ ಮಾಡುತ್ತದೆ, ಜಾವಾ ಕೂಡ ಮಾಡುತ್ತದೆ. ಅವು ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸಲು ಗಾರ್ಬೇಜ್ ಕಲೆಕ್ಟರ್ ಇಟ್ಟುಕೊಂಡಿವೆ. 1959ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್‌ಗಾಗಿ ಕಂಡುಕೊಂಡ ಉಪಾಯ ಅದು. ರಸ್ಟ್ ಗುಡಿಸುವವರಿಲ್ಲದೆಯೇ ಅದೇ ಸುರಕ್ಷತೆ ಕೊಡುತ್ತದೆ. ಪ್ರತಿ ಮೌಲ್ಯಕ್ಕೂ ಒಬ್ಬನೇ ಒಡೆಯ. ಒಂದು ಪಟ್ಟಿಯನ್ನು ಇನ್ನೊಂದು ಫಂಕ್ಷನ್‌ಗೆ ಕೊಟ್ಟರೆ ಒಡೆತನವೂ ಅದರ ಜೊತೆ ಹೋಯಿತು. ಮುಂದಿನ ಸಾಲಿನಲ್ಲಿ ನೀವು ಆ ಪಟ್ಟಿಯ ಹೆಸರೆತ್ತಿದರೆ ಕಂಪೈಲರ್ ತಡೆಯುತ್ತದೆ. ಒಡೆತನ ಉಳಿಸಿಕೊಂಡು ಎರವಲು ಕೊಡಬಹುದು. ಓದಲು ಎಷ್ಟು ಜನಕ್ಕಾದರೂ ಕೊಡಿ, ತಿದ್ದಲು ಮಾತ್ರ ಒಂದು ಹೊತ್ತಿಗೆ ಒಬ್ಬರಿಗೇ. ಇದೂ ಪೂರ್ತಿ ಹೊಸದಲ್ಲ. ಸೈಕ್ಲೋನ್ ಎಂಬ ಸಂಶೋಧನಾ ಭಾಷೆಯ ವಿಚಾರ, ಕೆಲಸ ಮುಗಿದೊಡನೆ ತಾನೇ ಬಿಟ್ಟುಕೊಡುವ ಸಿ++ನ ಪದ್ಧತಿ, ಹ್ಯಾಸ್ಕೆಲ್‌ನ ಟೈಪ್ ಕ್ಲಾಸ್‌ಗಳು, ಇವೆಲ್ಲ ಅಲ್ಲಿ ಸೇರಿವೆ. ರಸ್ಟ್‌ನ ಮೊದಲ ಕಂಪೈಲರನ್ನು ಬರೆದದ್ದೇ ಎಂಎಲ್ ಕುಟುಂಬದ ಓಕ್ಯಾಮಲ್‌ನಲ್ಲಿ. ಆರಂಭದ ರಸ್ಟ್‌ನಲ್ಲಿ ಗಾರ್ಬೇಜ್ ಕಲೆಕ್ಷನ್ ಕೂಡ ಇತ್ತು, 1.0ಕ್ಕೆ ಮುನ್ನ ಅದನ್ನು ಕಿತ್ತುಹಾಕಿದರು.

ಈ ದೂರಿಗೆ ಅಂಕಿಗಳ ಬೆಂಬಲವಿದೆ. ತಾನು ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70ರಷ್ಟು ಮೆಮೊರಿಗೆ ಸಂಬಂಧಿಸಿದವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಆಂಡ್ರಾಯ್ಡ್‌ನಲ್ಲಿ ಅಂಥ ದೋಷಗಳ ಪಾಲು 2019ರಲ್ಲಿ ಶೇ. 76 ಇದ್ದದ್ದು 2024ರ ಹೊತ್ತಿಗೆ ಶೇ. 24ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದದ್ದು, ಅವರು ಹಳೆಯ ಕೋಡನ್ನೆಲ್ಲ ರಸ್ಟ್‌ಗೆ ತಿರುಗಿಸಿ ಬರೆಯಲಿಲ್ಲ. ಹೊಸದಾಗಿ ಬರೆಯುವುದನ್ನು ಸುರಕ್ಷಿತ ಭಾಷೆಗಳಲ್ಲಿ ಬರೆದರು, ಹಳೆಯದನ್ನು ಇದ್ದಲ್ಲೇ ಬಿಟ್ಟರು. ಲಿನಕ್ಸ್ ಕರ್ನಲ್ ಕೂಡ 2022ರ ಡಿಸೆಂಬರ್‌ನ 6.1 ಆವೃತ್ತಿಯಲ್ಲಿ ರಸ್ಟ್‌ಗೆ ಬಾಗಿಲು ತೆರೆದದ್ದು ಇದೇ ಕ್ರಮದಲ್ಲಿ. ‘ಎಲ್ಲವನ್ನೂ ರಸ್ಟ್‌ಗೆ ಬದಲಿಸೋಣ’ ಎಂದು ಸಭೆಯಲ್ಲಿ ಯಾರಾದರೂ ಎದ್ದು ನಿಂತರೆ ಈ ಉದಾಹರಣೆಗಳನ್ನು ಅವರ ಮುಂದಿಡಿ.

ರಸ್ಟ್‌ನ ಬೆಲೆ ಕಲಿಯುವ ಕಾಲ. ಎರಡೂ ಕಡೆ ಕೊಂಡಿಯಿರುವ ಪಟ್ಟಿ, ತಂದೆಯೂ ಮಕ್ಕಳೂ ಪರಸ್ಪರ ತೋರುವ ಮರ, ಇಂಥ ರಚನೆಗಳನ್ನು ಸಿಯಲ್ಲಿ ಹತ್ತು ನಿಮಿಷದಲ್ಲಿ ಬರೆಯುವವರು ರಸ್ಟ್‌ನಲ್ಲಿ ಒಂದು ದಿನ ಹೆಣಗುತ್ತಾರೆ. ಒಬ್ಬನೇ ಒಡೆಯ ಎಂಬ ನಿಯಮಕ್ಕೆ ಸುತ್ತುಬಳಸು ನಂಟುಗಳು ಒಗ್ಗುವುದಿಲ್ಲ.

ಜಿಗ್‌ನ ದೂರು, ಕಂಪೈಲ್‌ಗೆ ಮುನ್ನ ಕೋಡಿನ ಪಠ್ಯವನ್ನೇ ಬದಲಿಸುವ ಸಿಯ ಮ್ಯಾಕ್ರೋಗಳ ಮೇಲೆ ಮತ್ತು ಬೆನ್ನ ಹಿಂದೆ ಗುಟ್ಟಾಗಿ ನಡೆಯುವ ಕೆಲಸಗಳ ಮೇಲೆ. ಆಂಡ್ರೂ ಕೆಲ್ಲಿ 2016ರಲ್ಲಿ ಪರಿಚಯಿಸಿದ ಈ ಭಾಷೆಯಲ್ಲಿ ಆ ಮ್ಯಾಕ್ರೋಗಳನ್ನು ನಡೆಸುವ ಪ್ರೀಪ್ರೊಸೆಸರ್ ಇಲ್ಲ. ಕಂಪೈಲ್ ಆಗುವ ಹೊತ್ತಿನಲ್ಲೇ ಮಾಮೂಲಿ ಜಿಗ್ ಕೋಡನ್ನು ಓಡಿಸಬಹುದು. ಮೆಮೊರಿ ಬೇಕಾದ ಫಂಕ್ಷನ್‌ಗೆ ಅದನ್ನು ಎಲ್ಲಿಂದ ಪಡೆಯಬೇಕು ಎಂದು ನೀವೇ ಕೈಗೆ ಕೊಡುವುದು ಅಲ್ಲಿನ ರೂಢಿ. ಸಿ ಕೋಡನ್ನೂ ಅದು ಕಂಪೈಲ್ ಮಾಡುತ್ತದೆ, ಆದ್ದರಿಂದ ಹಳೆಯ ಸಿ ಯೋಜನೆಯೊಳಗೆ ಮೆಲ್ಲಗೆ ನುಸುಳಬಲ್ಲದು. ಒಡೆತನದ ತಪಾಸಣೆ ಮಾತ್ರ ಇಲ್ಲ. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಹೊಣೆ ನಿಮ್ಮದೇ. 1.0 ಇನ್ನೂ ಬಂದಿಲ್ಲ, ಆವೃತ್ತಿ ಬದಲಾದಂತೆ ನಿಮ್ಮ ಕೋಡ್ ಮುರಿಯುತ್ತಿರುತ್ತದೆ. ಆಸಕ್ತಿಗೆ ಕಲಿಯಿರಿ, ಐದು ವರ್ಷ ನಡೆಯಬೇಕಾದ ಸಂಬಳದ ಕೆಲಸಕ್ಕೆ ಎರಡು ಬಾರಿ ಯೋಚಿಸಿ. 2022ರಲ್ಲಿ ಗೂಗಲ್ ಸಿ++ಗೆ ಉತ್ತರಾಧಿಕಾರಿ ಎಂದು ತೋರಿಸಿದ ಕಾರ್ಬನ್‌ಗೂ ಇದೇ ಮಾತು.

ಆಯ್ಕೆ ಹೇಗೆ? 2025ರ ಮಾರ್ಚ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ತಂಡ ತನ್ನ ಕಂಪೈಲರನ್ನು ಹೊಸ ಭಾಷೆಗೆ ಸಾಗಿಸುತ್ತಿರುವುದಾಗಿ ಪ್ರಕಟಿಸಿತು, ವೇಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ ಎಂದಿತು. ಆರಿಸಿದ್ದು ಗೋ. ರಸ್ಟ್ ಏಕಲ್ಲ ಎಂದು ಅನೇಕರು ಹುಬ್ಬೇರಿಸಿದರು. ಇನ್ನೂ ಸ್ವಾರಸ್ಯವೆಂದರೆ ತಂಡದ ನಾಯಕ ಆಂಡರ್ಸ್ ಹೈಲ್ಸ್‌ಬರ್ಗ್ ಸ್ವತಃ ಸಿ#ನ ಜನಕ, ಅದನ್ನೂ ಅವರು ಆರಿಸಲಿಲ್ಲ. ಕಾರಣ ನೇರ: ಹಳೆಯ ಕಂಪೈಲರ್‌ನಲ್ಲಿ ಒಂದನ್ನೊಂದು ಸುತ್ತಿ ಹಿಡಿದ ದತ್ತಾಂಶ ರಚನೆಗಳು ತುಂಬಾ ಇದ್ದವು, ಗಾರ್ಬೇಜ್ ಕಲೆಕ್ಷನ್ ಇದೆ ಎಂಬ ನಂಬಿಕೆಯ ಮೇಲೇ ಅದು ನಿಂತಿತ್ತು. ಇದ್ದ ಕೋಡನ್ನು ಹೆಚ್ಚುಕಡಿಮೆ ಸಾಲಿಗೆ ಸಾಲು ಸಾಗಿಸಲು ಗೋ ಒಗ್ಗಿತು. ಅಭಿಮಾನವನ್ನು ಬದಿಗಿಟ್ಟು ಕೈಯಲ್ಲಿರುವ ಕೆಲಸವನ್ನು ನೋಡಿ ಆರಿಸುವುದೆಂದರೆ ಇದು.

ನನ್ನ ತೀರ್ಪು: ನೆಟ್‌ವರ್ಕ್ ಮೇಲೆ ಕೋರಿಕೆ ಪಡೆದು ಉತ್ತರಿಸುವ ಸರ್ವರ್‌ಗಳು, ದೊಡ್ಡ ತಂಡ, ಆಗಾಗ ಬಂದುಹೋಗುವ ಜನ, ಇಷ್ಟಿದ್ದರೆ ಗೋ. ಗಾರ್ಬೇಜ್ ಕಲೆಕ್ಟರ್ ನಡುವೆ ನಿಲ್ಲಿಸುವುದನ್ನು ಸಹಿಸದ ಕೆಲಸ, ಸಣ್ಣ ಸಾಧನ, ಅಪರಿಚಿತರು ಕಳುಹಿಸಿದ ಫೈಲ್ ಬಿಚ್ಚಿ ಓದುವ ಲೈಬ್ರರಿ, ಇವಕ್ಕೆ ರಸ್ಟ್. ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಗೋ ತೆಗೆದುಕೊಳ್ಳಿ. ರಸ್ಟ್ ಬೇಕಾದವರಿಗೆ ಅದು ಬೇಕೆಂಬುದು ಸಾಮಾನ್ಯವಾಗಿ ಚೆನ್ನಾಗಿ ಗೊತ್ತಿರುತ್ತದೆ.

‘ಕನ್ನಡ’ ಎಂಬ ಪದದ ಉದ್ದ ಎಷ್ಟು?

ಇಂಗ್ಲಿಷ್ ಪಠ್ಯವನ್ನಷ್ಟೇ ಮುಟ್ಟುವವರು ಈ ಭಾಗವನ್ನು ದಾಟಿ ಹೋಗಬಹುದು. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ.

ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕನ್ನಡ’ ಎಂದು ಬರೆದು ಸಿ ಭಾಷೆಯಲ್ಲಿ ಉದ್ದ ಕೇಳಿದರೆ 15 ಎನ್ನುತ್ತದೆ. ಗೋ, ರಸ್ಟ್ ಕೂಡ ಮೊದಲಿಗೆ 15 ಎಂದೇ ಹೇಳುತ್ತವೆ, ಏಕೆಂದರೆ ಅವು ಎಣಿಸುವುದು ಬೈಟ್‌ಗಳನ್ನು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ 3 ಕೊಡುವ ಉತ್ತರ 5: ಕ, ನ, ಹಲಂತ, ನ, ಡ. ಸ್ವಿಫ್ಟ್ 4 ಎನ್ನುತ್ತದೆ, ಹಲಂತವನ್ನು ಮೊದಲ ನಕಾರಕ್ಕೆ ಅಂಟಿಸಿ ‘ನ್’ ಎಂದು ಒಂದಾಗಿ ಎಣಿಸುತ್ತದೆ. ಒಂದನೆಯ ತರಗತಿಯ ಮಗುವನ್ನು ಕೇಳಿದರೆ 3.

ಯಾರೂ ತಪ್ಪಿಲ್ಲ, ಪ್ರಶ್ನೆಗಳೇ ಬೇರೆ. ಆದರೆ ಯಾವ ಭಾಷೆ ಯಾವ ಪ್ರಶ್ನೆಯನ್ನು ಮುಂದಿಡುತ್ತದೆ ಎಂಬುದರಲ್ಲಿ ಪಾಠವಿದೆ. 1995ರ ಜಾವಾ, ಜಗತ್ತಿನ ಅಕ್ಷರಗಳೆಲ್ಲ 16 ಬಿಟ್‌ನಲ್ಲಿ ಹಿಡಿಯುತ್ತವೆ ಎಂದು ನಂಬಿತ್ತು. ಆ ನಂಬಿಕೆ ಸುಳ್ಳಾಯಿತು, ಇಂದು ಎಮೋಜಿಯೊಂದರ ಉದ್ದ ಅಲ್ಲಿ 2. ಗೋ ಆ ತಪ್ಪಿಗೆ ಬೀಳಲಿಲ್ಲ. ಬೀಳಲು ಸಾಧ್ಯವೂ ಇರಲಿಲ್ಲ, 1992ರಲ್ಲಿ ಯುಟಿಎಫ್-8 ರೂಪಿಸಿದವರೇ ಥಾಂಪ್ಸನ್ ಮತ್ತು ಪೈಕ್. ರಸ್ಟ್‌ನಲ್ಲಿ ‘ಕನ್ನಡ’ದ ಮೊದಲ ಎರಡು ಬೈಟ್ ಮಾತ್ರ ಕತ್ತರಿಸಿ ಕೊಡು ಎಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಅರ್ಧ ಅಕ್ಷರವನ್ನು ಅದು ಕೊಡುವುದಿಲ್ಲ. ಗೋ ಸುಮ್ಮನೆ ಕತ್ತರಿಸಿ ಕೊಡುತ್ತದೆ, ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಮೂಡುತ್ತದೆ. ಕೀಬೋರ್ಡ್, ಪದಪರೀಕ್ಷಕ, ಮೊಬೈಲಿನ ಪಠ್ಯ ಸಂಪಾದಕದಂಥ ಕೆಲಸಗಳಲ್ಲಿ ಸ್ವಿಫ್ಟ್‌ನ ನೋಟ ನಮ್ಮ ಲಿಪಿಗೆ ಅತಿ ಹತ್ತಿರ. ಒತ್ತಕ್ಷರವನ್ನು ಒಂದೇ ಘಟಕವಾಗಿ ಹಿಡಿಯುವ ಕೊನೆಯ ಹೆಜ್ಜೆಯನ್ನು ಮಾತ್ರ ಎಲ್ಲ ಕಡೆಯೂ ನೀವೇ ಬರೆದುಕೊಳ್ಳಬೇಕು.

ಜಾವಾವೋ ಕಾಟ್ಲಿನ್ನೋ

ಕಾಟ್ಲಿನ್ ಹೊರಬಂದದ್ದು ಪ್ರೋಗ್ರಾಮರ್‌ಗಳಿಗೆ ಸಾಧನಗಳನ್ನು ಮಾಡುವ ಜೆಟ್‌ಬ್ರೈನ್ಸ್ ಕಂಪನಿಯಿಂದ, 2011ರಲ್ಲಿ. ಹೆಸರು ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ದ್ವೀಪವೊಂದರದ್ದು. ತಮಗೆ ಬೇಕಾದ ಗುಣಗಳು ಸ್ಕಾಲಾ ಎಂಬ ಭಾಷೆಯಲ್ಲಿದ್ದರೂ ಅದರ ಕಂಪೈಲ್ ವೇಗ ಸಾಲದು ಎಂದು ಅವರು ಹೊಸದನ್ನು ಕಟ್ಟಿದರು. 2017ರಲ್ಲಿ ಗೂಗಲ್ ಅದನ್ನು ಆಂಡ್ರಾಯ್ಡ್‌ನ ಅಧಿಕೃತ ಭಾಷೆಗಳ ಸಾಲಿಗೆ ಸೇರಿಸಿತು, 2019ರಲ್ಲಿ ಮೊದಲ ಮಣೆ ಹಾಕಿತು. ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗೆ ಇನ್ನು ಹೋಲಿಕೆಯೇ ಬೇಡ, ಕಾಟ್ಲಿನ್ ಹಿಡಿಯಿರಿ.

ಸರ್ವರ್ ಕಡೆ ಕಥೆ ಬೇರೆ. ಇಲ್ಲಿ ಹಿರಿಯನೇ ಕಿರಿಯನಿಂದ ಕಲಿಯುತ್ತಿದ್ದಾನೆ. ಕಾಟ್ಲಿನ್‌ನಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ದತ್ತಾಂಶ ಕ್ಲಾಸಿಗೆ ಜಾವಾದಲ್ಲಿ ಅರ್ಧ ಪುಟ ಬೇಕಿತ್ತು. 2021ರ ಜಾವಾ 16ರಲ್ಲಿ ‘ರೆಕಾರ್ಡ್’ ಬಂದು ಆ ಅಂತರ ಬಹಳಷ್ಟು ಕಡಿಮೆಯಾಯಿತು. 2023ರ ಜಾವಾ 21ರಲ್ಲಿ ಜೊತೆಜೊತೆಗೆ ಓಡುವ ಲಕ್ಷಗಟ್ಟಲೆ ಹಗುರ ಥ್ರೆಡ್‌ಗಳು (ಕೆಲಸದ ಎಳೆಗಳು) ಬಂದವು. ಎರ್ಲಾಂಗ್ ಭಾಷೆಯವರು, ಗೋದವರು ಎಂದಿನಿಂದಲೋ ಅನುಭವಿಸುತ್ತಿದ್ದ ಸೌಕರ್ಯ ಅದು. ನಲ್ ಮಾತ್ರ ಇನ್ನೂ ಹಾಗೇ ಇದೆ.

ತಪ್ಪಿನ ನಿರ್ವಹಣೆಯಲ್ಲೂ ಒಂದು ಸ್ವಾರಸ್ಯವಿದೆ. ಯಾವ ಫಂಕ್ಷನ್ ಯಾವ ತಪ್ಪು ಎಸೆಯಬಹುದು ಎಂದು ಮೊದಲೇ ಘೋಷಿಸಿ, ಕರೆಯುವವರು ಅದನ್ನು ಹಿಡಿಯಲೇಬೇಕು, ಇಲ್ಲವೇ ತಾವೂ ಘೋಷಿಸಬೇಕು ಎಂದು ಜಾವಾ ಕಟ್ಟುಮಾಡಿತು. ಪ್ರೋಗ್ರಾಮರ್‌ಗಳು ಖಾಲಿ ‘ಕ್ಯಾಚ್’ ಬರೆದು ಬಾಯಿ ಮುಚ್ಚಿಸಿದರು. ಅದನ್ನು ನೋಡಿ ಸಿ#, ಕಾಟ್ಲಿನ್ ಎರಡೂ ಆ ನಿಯಮವನ್ನು ಕೈಬಿಟ್ಟವು. ಆದರೆ ರಸ್ಟ್ ಅದೇ ಕಾಳಜಿಯನ್ನು ಬೇರೆ ವೇಷದಲ್ಲಿ ಮರಳಿ ತಂದಿತು: ಫಲಿತಾಂಶವೋ ತಪ್ಪೋ ಎರಡರಲ್ಲೊಂದು ಇರುವ ಮೌಲ್ಯ ಕೈಗೆ ಬರುತ್ತದೆ, ಕೊನೆಗೊಂದು ? ಹಾಕಿದರೆ ತಪ್ಪು ತಾನೇ ಮೇಲಿನವರಿಗೆ ಹೋಗುತ್ತದೆ. ಗೋದಲ್ಲಿ ಪ್ರತಿ ಕರೆಯ ನಂತರವೂ ‘ತಪ್ಪಿದೆಯೇ’ ಎಂದು ಮೂರು ಸಾಲು ಬರೆಯಬೇಕು. ಮೊದಲ ವಾರ ಬೇಸರ ತರಿಸುತ್ತದೆ, ಆರನೆಯ ತಿಂಗಳಿಗೆ ಕಣ್ಣು ಅದನ್ನು ದಾಟಿ ಓದಲು ಕಲಿಯುತ್ತದೆ.

ಜಾವಾ 8ರಲ್ಲಿ ಸಿಕ್ಕಿಕೊಂಡಿರುವ ತಂಡ ಕಾಟ್ಲಿನ್ ಬಗ್ಗೆ ಕನಸು ಕಾಣುವ ಬದಲು ಮೊದಲು ಜಾವಾ 21ಕ್ಕೆ ಏರಲಿ. ದೂರುಗಳಲ್ಲಿ ಹೆಚ್ಚಿನವು ಅಲ್ಲೇ ತೀರುತ್ತವೆ. ನಲ್ ಒಂದೇ ನಿಜವಾದ ಕಾಟವಾಗಿದ್ದರೆ ಕಾಟ್ಲಿನ್ ಸರಿ. ಜಾವಾ ಲೈಬ್ರರಿಗಳಿಂದ ಬರುವ ಮೌಲ್ಯಗಳು ಖಾಲಿಯೋ ಅಲ್ಲವೋ ಎಂಬುದು ಕಾಟ್ಲಿನ್‌ಗೂ ಬಹುವೇಳೆ ತಿಳಿಯುವುದಿಲ್ಲ, ಆ ಗಡಿಯಲ್ಲಿ ಎಚ್ಚರ ಬೇಕು.

ಜಾವಾಸ್ಕ್ರಿಪ್ಟ್ ಮತ್ತು ಟೈಪ್‌ಸ್ಕ್ರಿಪ್ಟ್

ಇಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನಗಳಲ್ಲಿ ಕಟ್ಟಿದ ಜಾವಾಸ್ಕ್ರಿಪ್ಟ್‌ನ ಮೂಲಮಾದರಿ, ಸ್ಕೀಮ್ ಎಂಬ ಭಾಷೆಯಿಂದ ಫಂಕ್ಷನ್‌ಗಳನ್ನೂ ಸೆಲ್ಫ್ ಎಂಬ ಭಾಷೆಯಿಂದ ಆಬ್ಜೆಕ್ಟ್‌ಗಳನ್ನೂ ಜಾವಾದಿಂದ ಮೇಲುಡುಗೆಯನ್ನೂ ಪಡೆಯಿತು. ಹಿರಿಯರ ಆಯ್ಕೆ ಚೆನ್ನಾಗಿತ್ತು, ಸಮಯ ಸಾಲಲಿಲ್ಲ. ಅದನ್ನು ಜಾಲದಿಂದ ಕಿತ್ತೆಸೆಯಲು ಆಗದೆಂದು ಒಪ್ಪಿಕೊಂಡು, 2012ರ ಟೈಪ್‌ಸ್ಕ್ರಿಪ್ಟ್ ಅದರ ಮೇಲೆಯೇ ಟೈಪ್‌ಗಳ ಪದರ ಹಾಸಿತು. ಓಡುವಾಗ ಆ ಟೈಪ್‌ಗಳು ಅಳಿಸಿಹೋಗಿರುತ್ತವೆ. ಆದ್ದರಿಂದ ಸರ್ವರ್‌ನಿಂದ ಬಂದ ಮಾಹಿತಿ ನೀವು ಬರೆದ ಟೈಪಿನಂತೆಯೇ ಇದೆ ಎಂದು ಅದು ಖಾತ್ರಿ ಕೊಡುವುದಿಲ್ಲ, ಅದನ್ನು ಪರೀಕ್ಷಿಸುವ ಕೋಡ್ ನೀವೇ ಬರೆಯಬೇಕು. ಒಬ್ಬರೇ ಬರೆದು ಒಂದು ವಾರದಲ್ಲಿ ಮರೆಯುವ ಸ್ಕ್ರಿಪ್ಟ್‌ಗೆ ಜಾವಾಸ್ಕ್ರಿಪ್ಟ್ ಸಾಕು. ಇಬ್ಬರು ಮುಟ್ಟುವ ಯಾವುದೇ ಕೋಡ್‌ಗೆ ಟೈಪ್‌ಸ್ಕ್ರಿಪ್ಟ್, ಅದೂ ಕಟ್ಟುನಿಟ್ಟಿನ ಆಯ್ಕೆಗಳನ್ನೆಲ್ಲ ಮೊದಲ ದಿನವೇ ಆನ್ ಮಾಡಿ.

ಹಳೆಯ ಕೋಡನ್ನು ಹೇಗೆ ನಡೆಸಿಕೊಳ್ಳುತ್ತದೆ

ಆರಿಸುವಾಗ ಜನ ಮರೆಯುವ ಪ್ರಶ್ನೆ ಇದು. ಪೈಥಾನ್ 3 ಬಂದದ್ದು 2008ರಲ್ಲಿ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಎರಡೂ ಬಣಗಳಾಗಿ ನಡೆದವು. ಬೈಟ್ ಮತ್ತು ಪಠ್ಯವನ್ನು ಬೇರ್ಪಡಿಸಿದ್ದು ಆ ಬದಲಾವಣೆಯ ತಿರುಳು. ‘ಕನ್ನಡ’ದ ಉದ್ದ 15 ಇದ್ದದ್ದು 5 ಆದದ್ದು ಅಲ್ಲೇ, ಆದ್ದರಿಂದ ನಮಗಂತೂ ಅದು ಲಾಭವೇ. ಆದರೆ ಹಳೆಯ ಲೈಬ್ರರಿ ಒಂದು ಬದಲಾಗದಿದ್ದರೆ ಇಡೀ ಪ್ರೋಗ್ರಾಂ ಹಿಂದೆಯೇ ಉಳಿಯಬೇಕಿತ್ತು.

ಇದಾದ ಮೇಲೆ ಬಂದವರು ಬೇರೆ ಹಾದಿ ಹಿಡಿದರು. ರಸ್ಟ್‌ನಲ್ಲಿ 2015, 2018, 2021, 2024 ಎಂಬ ‘ಎಡಿಷನ್’ಗಳಿವೆ, ಒಂದು ಲೈಬ್ರರಿ 2015ರದ್ದು, ಇನ್ನೊಂದು 2021ರದ್ದಾದರೂ ಒಂದೇ ಪ್ರೋಗ್ರಾಂನಲ್ಲಿ ಜೊತೆಗೆ ಓಡುತ್ತವೆ. ಗೋ 2012ರ 1.0 ಬಿಡುಗಡೆಯ ಹೊತ್ತಿಗೇ, ಇಂದು ಓಡುವ ಕೋಡ್ ನಾಳೆಯೂ ಓಡುತ್ತದೆ ಎಂಬ ಭರವಸೆ ಕೊಟ್ಟಿತು. ಲೂಪಿನ ಚರದ ಬಗ್ಗೆ ಇದ್ದ ಹಳೆಯ ಕಿರಿಕಿರಿಯೊಂದನ್ನು 2024ರ 1.22ರಲ್ಲಿ ಸರಿಪಡಿಸಿದಾಗಲೂ, ‘ನನಗೆ ಈ ಆವೃತ್ತಿಯ ನಡವಳಿಕೆ ಬೇಕು’ ಎಂದು ತನ್ನ ಫೈಲಿನಲ್ಲಿ ಬರೆದುಕೊಂಡ ಯೋಜನೆಗಳಿಗೆ ಮಾತ್ರ ಅದು ಅನ್ವಯಿಸಿತು. ಹೊಸ ಭಾಷೆಯೊಂದರ ಅಂದಚೆಂದ ನೋಡುವ ಮುಂಚೆ ಅದರ ಬಿಡುಗಡೆ ಟಿಪ್ಪಣಿಗಳನ್ನು ಎರಡು ವರ್ಷ ಹಿಂದಿನಿಂದ ಓದುತ್ತಾ ಬನ್ನಿ. ‘ಈ ಬದಲಾವಣೆ ಹಳೆಯ ಕೋಡನ್ನು ಮುರಿಯುತ್ತದೆ’ ಎಂಬ ಸಾಲು ಎಷ್ಟು ಸಲ ಕಾಣುತ್ತದೆ ಎಂಬುದು ಬಹಳಷ್ಟು ಹೇಳುತ್ತದೆ.

ಹಳೆಯದನ್ನು ಬದಲಿಸಲು ಹೋಗದೆ ಅದರ ಮೇಲೆಯೇ ಕೂತವರೂ ಇದ್ದಾರೆ. ಎರಿಕ್ಸನ್ ಕಂಪನಿಯ ದೂರವಾಣಿ ಸ್ವಿಚ್‌ಗಳಿಗಾಗಿ 1980ರ ದಶಕದಲ್ಲಿ ಹುಟ್ಟಿದ ಎರ್ಲಾಂಗ್‌ನ ಕೋಡ್ ಓಡಿಸುವ ವರ್ಚುವಲ್ ಯಂತ್ರವನ್ನು ಹಾಗೆಯೇ ಉಳಿಸಿಕೊಂಡು, ಝೋಸೆ ವಲೀಮ್ ಅದಕ್ಕೆ ರೂಬಿ ಭಾಷೆಯ ಚಹರೆ ಕೊಟ್ಟು ಎಲಿಕ್ಸಿರ್ ಮಾಡಿದರು. ಏಕಕಾಲಕ್ಕೆ ಲಕ್ಷಾಂತರ ಸಂಪರ್ಕಗಳನ್ನು ತೆರೆದಿಡುವ ಚಾಟ್‌ನಂಥ ಕೆಲಸವಿದ್ದರೆ ಗೋ ಜೊತೆಗೆ ಇದನ್ನೂ ತೂಗಿ ನೋಡಿ. ಕೆಲಸಗಾರರು ಸಿಗುವುದು ಕಷ್ಟ ಎಂಬುದನ್ನೂ ತೂಕಕ್ಕೆ ಸೇರಿಸಿಕೊಳ್ಳಿ.

ಇನ್ನೂ ಶುರುಮಾಡದವರಿಗೆ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷ ಸಿ ಕಲಿಸುವುದನ್ನು ಹಳಸಲು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಯಲ್ಲಿ ಒಮ್ಮೆ ಅರೇಯ ಅಂಚು ದಾಟಿ ಬರೆದು, ಸಂಬಂಧವೇ ಇಲ್ಲದ ಚರವೊಂದರ ಬೆಲೆ ಬದಲಾದದ್ದನ್ನು ಕಂಡವರಿಗೆ ರಸ್ಟ್‌ನ ಕಂಪೈಲರ್ ಏಕೆ ಅಷ್ಟು ಹಟ ಮಾಡುತ್ತದೆ ಎಂದು ವಿವರಿಸಬೇಕಾಗುವುದಿಲ್ಲ. ಒಂದು ಸೆಮಿಸ್ಟರ್ ಸಿ ಸಾಕು, ಅದರಲ್ಲೇ ಮನೆ ಕಟ್ಟಬೇಕಿಲ್ಲ. ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಅಲೆಯುವವರಿಗೆ ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಒಂದು ಕೈಯಲ್ಲಿರಲಿ. ಗೋ ಅಥವಾ ರಸ್ಟ್ ಎರಡನೆಯದಾಗಿ ಬರಲಿ.

ಎರಡರ ನಡುವೆ ತೀರ್ಮಾನಿಸಲು ಒಂದು ಶನಿವಾರ ಸಾಕು. ನಿಮಗೆ ಚೆನ್ನಾಗಿ ಗೊತ್ತಿರುವ ಸಣ್ಣ ಕೆಲಸವೊಂದನ್ನು, ಉದಾಹರಣೆಗೆ ಒಂದು ಕನ್ನಡ ಪಠ್ಯ ಫೈಲನ್ನು ಓದಿ ಪದಗಳನ್ನು ಎಣಿಸುವ ಪ್ರೋಗ್ರಾಂ ಅನ್ನು, ಎರಡರಲ್ಲೂ ಬರೆಯಿರಿ. ಅದು ಓಡಿದ ಮೇಲೆ ಬೇಕೆಂದೇ ಕೆಡಿಸಿ: ಫೈಲಿನ ಹೆಸರು ತಪ್ಪು ಕೊಡಿ, ಖಾಲಿ ಫೈಲ್ ಕೊಡಿ, ಅಕ್ಷರದ ನಡುವೆ ಕತ್ತರಿಸಿದ ಫೈಲ್ ಕೊಡಿ. ಯಾವ ಭಾಷೆ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ದೂರು ಹೇಳುತ್ತದೆ ಎಂದು ನೋಡಿ. ಆ ದೋಷಸಂದೇಶಗಳನ್ನೇ ನೀವು ಮುಂದಿನ ವರ್ಷಗಳಲ್ಲಿ ಪ್ರತಿದಿನ ಓದಬೇಕಾಗಿರುವುದು.